ಕೆಂಪು ಗಂಟಿನ ಅತ್ತಿಗೆಯೂ ಇಪ್ಪತ್ತು ನಿಮಿಷದ ಕಾರೂ

ನನ್ನ ಅತ್ತಿಗೆ ಹೊಲಿದ ಹೊದಿಕೆ ಇಲ್ಲದ ವಸ್ತುಗಳು ನಮ್ಮ ಬೀದಿಯಲ್ಲಿ ಎರಡೇ ಇದ್ದವು. ಒಂದು ದೀಪದ ಕಂಬ, ಇನ್ನೊಂದು ನಾನು. ಕಂಬದ ಅಳತೆಯನ್ನೂ ಅವರು ಬರೆದಿಟ್ಟುಕೊಂಡಿದ್ದಾರೆಂದು ಆಮೇಲೆ ತಿಳಿಯಿತು.

ಅವರದು ಪರದೆ, ಸೋಫಾ, ವಾಹನದ ಸೀಟುಗಳ ಹೊಲಿಗೆ. ಮನೆಯ ಮುಂದಿನ ಕೋಣೆಯೇ ಅಂಗಡಿ: ಮೂರು ಮಿಷನ್ನು, ಕತ್ತರಿಸುವ ಉದ್ದನೆಯ ಮೇಜು, ಗೋಡೆ ತುಂಬ ನೂಲಿನ ಉಂಡೆ. ಬಾಗಿಲ ಮೇಲೊಂದು ಫಲಕ: ‘ಹೊಲಿಗೆ ತಾನಾಗಿ ಬಿಟ್ಟರೆ ಬದುಕಿರುವವರೆಗೂ ಪುಕ್ಕಟೆ ರಿಪೇರಿ.’ ಯಾರು ಬದುಕಿರುವವರೆಗೆ ಎಂದು ಬರೆದಿರಲಿಲ್ಲ. ಷರತ್ತು ಒಂದೇ. ಪ್ರತಿ ಹೊದಿಕೆಯ ಒಳಮೂಲೆಯಲ್ಲಿ ಅವರು ಕೆಂಪು ನೂಲಿನ ಗಂಟೊಂದನ್ನು ಹಾಕುತ್ತಿದ್ದರು. ಅದನ್ನು ಕಡಿಯದೆ ಯಾರಿಗೂ ಹೊಲಿಗೆ ಬಿಚ್ಚಲು ಬರುತ್ತಿರಲಿಲ್ಲ. ಗಂಟು ಕಡಿದಿದ್ದರೆ ಮುಗಿಯಿತು. “ಬೇರೆ ಕೈ ಬಿದ್ದ ಹೊಲಿಗೆ ನಾನು ಮುಟ್ಟಲ್ಲ” ಎಂದು ಹೊದಿಕೆಯನ್ನು ಹಿಂದಕ್ಕೆ ತಳ್ಳುತ್ತಿದ್ದರು. ಒಮ್ಮೆ ಬೇಕರಿಯವನು ಗಂಟು ಕಡಿದು, ತಾನೇ ಬೇರೆ ಗಂಟು ಹಾಕಿಕೊಂಡು ಬಂದಿದ್ದ. ಅತ್ತಿಗೆ ಬಾಗಿಲಿನಿಂದಲೇ ಕೂಗಿದರು: “ಅದು ನನ್ನ ಕೆಂಪಲ್ಲ, ನಿಮ್ಮ ಟೊಮೇಟೊ ಕೆಂಪು. ಹೊರಡಿ!”

ಅಣ್ಣ ಇದಕ್ಕೆ ತಕ್ಕ ಗಂಡ. ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತೈದು ವರ್ಷ ಕಡತಗಳ ನಡುವೆ ಬಾಳಿದವನು. ಮನೆಯ ಪ್ರತಿ ವಸ್ತುವಿನ ವಾರಂಟಿ ಕಾರ್ಡನ್ನೂ ತಾರೀಖಿನ ಪ್ರಕಾರ ಕಟ್ಟಿಟ್ಟಿದ್ದ. ಕೊಡೆಯ ವಾರಂಟಿ ಹಾಳಾಗಬಾರದೆಂದು ಜಡಿಮಳೆಯಲ್ಲಿ ಅದನ್ನು ಕಂಕುಳಲ್ಲಿ ಅವುಚಿಕೊಂಡು, ನೆನೆದುಕೊಂಡೇ ಬಂದವನು. ಅವನು ನಿವೃತ್ತನಾದಾಗ ಸಹೋದ್ಯೋಗಿಗಳು ಒಂದು ವಿಡಿಯೋ ಗೇಮ್ ಕನ್ಸೋಲನ್ನೂ, ಜೊತೆಗೆ ಸ್ಟಿಯರಿಂಗು, ಪೆಡಲುಗಳನ್ನೂ ಉಡುಗೊರೆ ಕೊಟ್ಟರು. ಮನೆಯಲ್ಲಿ ಆಡಿಕೊಂಡಿರಲಿ, ಮತ್ತೆ ಕಚೇರಿ ಕಡೆ ತಲೆ ಹಾಕದಿರಲಿ ಎಂಬ ಆಸೆ ಅವರದು. ಅಣ್ಣ ವಾರಂಟಿ ಕಾರ್ಡನ್ನು ಕಡತಕ್ಕೆ ಸೇರಿಸಿ ನೆಮ್ಮದಿಯಿಂದ ಮಲಗಿದ. ಅತ್ತಿಗೆ ಪೆಟ್ಟಿಗೆ ಒಡೆದು, ಅಂಗಡಿಯ ಟಿವಿಗೆ ಜೋಡಿಸಿ ಕಾರಿನ ಪಂದ್ಯಕ್ಕೆ ಕೂತರು.

ಕೂತವರು ಏಳಲಿಲ್ಲ. ಎರಡು ವರ್ಷದಲ್ಲಿ ಅವರು ಆ ಟಿವಿಯ ಮೇಲೆ ಓಡಿಸಿದ ದೂರವನ್ನು ನೆಟ್ಟಗೆ ಹಿಡಿದಿದ್ದರೆ ಚಂದ್ರನನ್ನು ಮುಟ್ಟಿ, ಅಲ್ಲಿ ಪರದೆಯ ಅಳತೆ ತೆಗೆದುಕೊಂಡು, ಸಂಜೆ ಚಹಾದ ಹೊತ್ತಿಗೆ ವಾಪಸಾಗಬಹುದಿತ್ತು.

ಈ ಹುಚ್ಚಿಗೆ ಹಳೆಯ ಬೇರೊಂದಿತ್ತು. ಮೂವತ್ತು ವರ್ಷದ ಹಿಂದೆ ಅತ್ತಿಗೆ ಕಾರು ಕಲಿಯಲು ಹೋಗಿದ್ದರು. ಹೊಲಿಗೆ ಮಿಷನ್ನು ತುಳಿದ ಅಭ್ಯಾಸ, ಎರಡು ಕಾಲನ್ನೂ ಒಟ್ಟಿಗೇ ಒತ್ತಿದರು. ಕಾರು ಗೋಣು ಆಡಿಸುತ್ತ ಮೂರು ಹೆಜ್ಜೆ ನಡೆದು ನಿಂತಿತು. ಡ್ರೈವಿಂಗ್ ಶಾಲೆಯ ಮೇಷ್ಟ್ರು, “ಅಮ್ಮಾ, ನಿಮ್ಮ ಕಾಲು ಮಿಷನ್ನಿಗೇ ಲಾಯಕ್ಕು” ಎಂದು ಎಲ್ಲರೆದುರು ನಕ್ಕು, ಇಳಿಸಿ ಕಳಿಸಿದರು. ಅತ್ತಿಗೆ ಮತ್ತೆ ಆ ಕಡೆ ಹೋಗಲಿಲ್ಲ. ಆದರೆ ಬಸ್ಸು ಹತ್ತಿದಾಗೆಲ್ಲ ಅವರ ಕಣ್ಣು ಚಾಲಕನ ಕಾಲಿನ ಮೇಲೇ ಇರುತ್ತಿತ್ತು.

ಈಗ ಅದೇ ಮೇಷ್ಟ್ರು ಸೀಟು ಹೊದಿಕೆಗೆಂದು ಅಂಗಡಿಗೆ ಬಂದವರು ಸ್ಟಿಯರಿಂಗು ಕಂಡು ನಕ್ಕರು.

“ಇದೇನಮ್ಮಾ, ಹೊಲಿಗೆ ಹಾಕೋ ಕಾರಾ?”

“ಓಡಿಸಿ ನೋಡ್ತೀರಾ ಮೇಷ್ಟ್ರೇ? ಭಾನುವಾರ ಬನ್ನಿ. ಮೂವತ್ತು ಸುತ್ತು. ನಾನು ಗೆದ್ರೆ ಲೈಸೆನ್ಸ್ ಕೈಗೆ ಬರೋವರೆಗೂ ನಗದೆ ಕಲಿಸಬೇಕು.”

“ಸೋತ್ರೆ?”

“ಸೋತ್ರೆ ಈ ಜನ್ಮದಲ್ಲಿ ಕಾರಿನ ಮಾತೆತ್ತಲ್ಲ.”

ಮೂವತ್ತು ಸುತ್ತೆಂದರೆ ಸುಮಾರು ಒಂದು ಗಂಟೆ. ಬುಧವಾರ ಅತ್ತಿಗೆ ಅಭ್ಯಾಸಕ್ಕೆ ಕೂತರು. ಕನ್ಸೋಲು ಮೊದಲು ಗುಂಯ್ ಎಂದಿತು, ಆಮೇಲೆ ಎಂಥ ಸದ್ದು ಮಾಡಿತೆಂದರೆ ಎದುರುಮನೆಯವರು ಹೊರಗೆ ಬಂದು ಆಕಾಶದಲ್ಲಿ ವಿಮಾನ ಹುಡುಕಿದರು. ಅದು ಕಾದ ಪರಿಗೆ ಮೇಲೆ ಮೊಟ್ಟೆಯಿಟ್ಟಿದ್ದರೆ ಮರಿ ಎದ್ದು ನಡೆದುಹೋಗುತ್ತಿತ್ತು. ಸರಿಯಾಗಿ ಇಪ್ಪತ್ತನೆಯ ನಿಮಿಷಕ್ಕೆ ಪರದೆ ಕಪ್ಪಾಯಿತು. ಆರಿಸಿ ಮತ್ತೆ ಹಚ್ಚಿದರು. ಮತ್ತೆ ಇಪ್ಪತ್ತೇ ನಿಮಿಷ.

ಅಣ್ಣನ ಮುಖ ಹಬೆ ಕಟ್ಟಿದ ಕನ್ನಡಿಯನ್ನು ಒರೆಸಿದಂತೆ ಹೊಳೆಯಿತು. “ವಾರಂಟಿ! ಇನ್ನೂ ಹನ್ನೊಂದು ದಿನ ಇದೆ!” ಎಂದು ಕಡತಕ್ಕೆ ಓಡಿದ. ಬದುಕಿನಲ್ಲಿ ಮೊದಲ ಬಾರಿಗೆ ಅವನ ವಾರಂಟಿಯೊಂದು ಉಪಯೋಗಕ್ಕೆ ಬರುವುದಿತ್ತು.

ಕಂಪನಿಗೆ ಫೋನು ಮಾಡಿದರು. ರಿಪೇರಿಗೆ ಇಪ್ಪತ್ತೊಂದು ದಿನ ಬೇಕೆಂದಿತು ಆ ಕಡೆಯ ಹೆಣ್ಣುದನಿ. ಭಾನುವಾರಕ್ಕೆ ಉಳಿದಿದ್ದುದು ನಾಲ್ಕೇ ದಿನ.

“ಹಾಗಾದ್ರೆ ನಾನೇ ಬಿಚ್ಚಿ ನೋಡ್ತೀನಿ” ಎಂದರು ಅತ್ತಿಗೆ.

“ಬಿಚ್ಚಬೇಡಿ ಮೇಡಂ. ಹಿಂದೆ ಸ್ಕ್ರೂ ಮೇಲೆ ಒಂದು ಸ್ಟಿಕ್ಕರ್ ಇದೆ. ಅದು ಹರಿದಿದ್ರೆ ಬೇರೆ ಕೈ ಬಿದ್ದಿದೆ ಅಂತ ಲೆಕ್ಕ. ನಾವು ಮುಟ್ಟಲ್ಲ.”

ಅತ್ತಿಗೆ ಫೋನನ್ನು ಕಿವಿಯಿಂದ ದೂರ ಹಿಡಿದು, ಅದರೊಳಗೆ ತಾವೇ ಕೂತಿದ್ದಾರೋ ಎಂಬಂತೆ ನೋಡಿದರು. ಆದರೂ ಸ್ಕ್ರೂಡ್ರೈವರ್ ಹಿಡಿದರು. ಅಣ್ಣ ಅಡ್ಡ ಬಂದ.

“ಏನೇ, ಬೇಕರಿಯವನನ್ನ ಬಾಗಿಲಿಂದ್ಲೇ ಅಟ್ಟಿದೋಳು ನೀನೇ ಅಲ್ವಾ? ಇದು ಅವರ ಕೆಂಪು ಗಂಟು ಕಣೇ!”

“ರೀ, ಸುಮ್ನಿರಿ!”

ಮೂಲೆಯ ಮೊಬೈಲ್ ರಿಪೇರಿಯವನೂ ಸುದ್ದಿ ಕೇಳಿ ಓಡಿಬಂದಿದ್ದ. “ಅಕ್ಕಾ, ಬಿಸಿಗಾಳಿ ಹಿಡಿದ್ರೆ ಸ್ಟಿಕ್ಕರ್ ಹರಿಯದೆ ಎದ್ದುಬರತ್ತೆ. ಕೆಲಸ ಮುಗಿದ ಮೇಲೆ ಹಾಗೇ ಅಂಟಿಸಿಬಿಡ್ತೀನಿ. ಅವರಪ್ಪನಿಗೂ ಗೊತ್ತಾಗಲ್ಲ.”

ಅತ್ತಿಗೆ ಸ್ಟಿಕ್ಕರನ್ನು ನೋಡಿದರು. ಬಾಗಿಲ ಮೇಲಿನ ಫಲಕವನ್ನು ನೋಡಿದರು. ಸ್ಕ್ರೂಡ್ರೈವರ್ ಕೆಳಗಿಟ್ಟರು.

“ಬೇಡಪ್ಪಾ. ಟೊಮೇಟೊ ಕೆಂಪು ನನಗೆ ಒಗ್ಗಲ್ಲ. ಇದಕ್ಕೆ ಬಾಯಿ, ಮೂಗು ಅಂತ ಏನೋ ಇರತ್ತಲ್ಲ, ಹೊರಗಿನಿಂದ್ಲೇ ನೋಡೋಣ.”

ಕನ್ಸೋಲಿಗೆ ಅವರು ಹಿಂಬದಿಯೊಂದನ್ನು ಬಿಟ್ಟು ಸುತ್ತಲೂ ಹತ್ತಿ ತುಂಬಿದ ನೀಲಿ ಹೊದಿಕೆ ಹೊಲಿದಿದ್ದರು. ಚಳಿಗೆ ನಡುಗುವ ಕೂಸಿಗೂ ಅಷ್ಟು ಬೆಚ್ಚಗಿನದು ಸಿಗದು. ಮೊದಲು ಅದನ್ನು ಕಳಚಬೇಕಿತ್ತು. ಒಳಮೂಲೆಯ ಕೆಂಪು ಗಂಟನ್ನು ಹಿಡಿದು ಕತ್ತರಿ ಎತ್ತಿದಾಗ ಅತ್ತಿಗೆಯ ಕೈ ಒಂದು ಕ್ಷಣ ನಿಂತಿತು. ನಲವತ್ತು ವರ್ಷದಲ್ಲಿ ತಮ್ಮ ಗಂಟನ್ನು ತಾವೇ ಕಡಿದದ್ದು ಅದೇ ಮೊದಲು. “ನನ್ನ ಹೊಲಿಗೆ, ನನ್ನ ಕೈ. ಇದಕ್ಕೆ ವಾರಂಟಿ ಹೋಗಲ್ಲ” ಎಂದು ಕಚಕ್ ಎನಿಸಿದರು.

ಆ ಕೆಂಪು ನೂಲಿನ ಎಳೆಯನ್ನೇ ಕನ್ಸೋಲಿನ ಪಕ್ಕದ ಸೀಳುಗಳ ಹತ್ತಿರ ಹಿಡಿದು ಯಂತ್ರ ಹಚ್ಚಿದರು. ಒಳಗಿನ ಫ್ಯಾನು ಗಾಳಿ ಎಳೆಯುತ್ತಿದ್ದರೆ ನೂಲು ಒಳಕ್ಕೆ ಬಾಗಬೇಕು. ನೂಲು ಸತ್ತ ಹುಳುವಿನಂತೆ ಜೋತುಬಿದ್ದಿತ್ತು.

“ಉಸಿರಾಡ್ತಿಲ್ಲ ಕಣ್ರೀ ಇದು! ನನ್ನ ಮಿಷನ್ನಿನ ಹಲ್ಲಿನ ಕೆಳಗೆ ಧೂಳು ಕಟ್ಟಿದ ಹಾಗೆ ಕಟ್ಟಿದೆ.”

ಪ್ಲಗ್ ಕಿತ್ತು, ತಣ್ಣಗಾಗುವವರೆಗೆ ಕಾದು, ಮಿಷನ್ನು ಒರೆಸುವ ಸಣ್ಣ ಕುಂಚ, ಚಿಮಟ, ಬಾಗಿದ ಸೂಜಿ ಸಾಲಾಗಿ ಇಟ್ಟುಕೊಂಡರು. ಅಣ್ಣ ಟಾರ್ಚು ಹಿಡಿದ. ಸೀಳಿನಿಂದ ಮೊದಲು ನೇರಳೆ ಎಳೆಯೊಂದು ಬಂತು. ಎಳೆದರು. ಅದರ ಹಿಂದೆ ಹಸಿರು, ಹಸಿರಿನ ಹಿಂದೆ ಹಳದಿ. ಕತ್ತರಿಸುವ ಮೇಜಿನ ಕೆಳಗೆ ಎರಡು ವರ್ಷ ಕೂತಿದ್ದ ಯಂತ್ರ ಅತ್ತಿಗೆಯ ಎಲ್ಲ ಬಟ್ಟೆಗಳ ಜೂಲನ್ನೂ ನುಂಗಿತ್ತು. ಹೊರಬಂದದ್ದರಲ್ಲಿ ಒಂದು ಕುರಿಯನ್ನೂ ಅದಕ್ಕೊಂದು ಮರಿಯನ್ನೂ ಮಾಡಬಹುದಿತ್ತು.

ಅಣ್ಣನಿಗೆ ವಾರಂಟಿ ಮರೆತೇಹೋಯಿತು. “ತಡಿ, ತಡಿ, ಕಲಸಬೇಡ!” ಎಂದು ಜೂಲನ್ನು ಪದರು ಪದರಾಗಿ ಹಾಳೆಯ ಮೇಲೆ ಹರಡಿದ. “ಈ ನೇರಳೆ ನಾಟಕಶಾಲೆಯ ಪರದೆ, ಮೊನ್ನೆ ಮೊನ್ನೆಯದು. ಹಸಿರು ಬಸ್ಸಿನ ಸೀಟು. ಹಳದಿ ದಂತವೈದ್ಯೆಯ ಸೋಫಾ, ಆಗ ನಿನಗೆ ಬೆನ್ನುನೋವು ಬಂದಿತ್ತು ನೋಡು. ಅಡಿಯ ಈ ನೀಲಿ...” ಅವನು ಹೊದಿಕೆಯನ್ನು ನೋಡಿದ. “ಇದು ಇದರದ್ದೇ ಕಣೇ!”

“ಅಂದ್ರೆ ಉಸಿರು ಕಟ್ಟಿಸಿದೋಳು ನಾನೇ ಅನ್ನಿ” ಎಂದು ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಂತ್ರ ಹಚ್ಚಿ ನೂಲು ಹಿಡಿದರೆ ಅದು ಸರಕ್ಕನೆ ಒಳಕ್ಕೆ ಬಾಗಿತು. ಬಿಸಿಗಾಳಿ ಹೊರಬೀಳುವ ಹಿಂಬದಿಯಲ್ಲಿ ಆ ಎಳೆಯನ್ನು ಅಂಟುಪಟ್ಟಿಯಿಂದ ಬಾವುಟದಂತೆ ಅಂಟಿಸಿದರು. ಸ್ಟಿಕ್ಕರು ಮದುಮಗಳಂತೆ ಅಲುಗದೆ ಕೂತಿತ್ತು.

ಭಾನುವಾರ ಅಂಗಡಿಯಲ್ಲಿ ಸೂಜಿ ಬಿದ್ದರೆ ನೆಲ ಮುಟ್ಟಲು ಜಾಗವಿರಲಿಲ್ಲ. ಮೇಷ್ಟ್ರು ತಂಗಿಯ ಮನೆಯಿಂದ ಎರವಲು ಸ್ಟಿಯರಿಂಗು ತಂದು, ಅಭ್ಯಾಸ ಬಲದಿಂದ ಇಲ್ಲದ ಕನ್ನಡಿಯನ್ನು ಸರಿಮಾಡಿಕೊಂಡು ಕೂತರು. ಪರದೆ ಎರಡು ಪಾಲಾಯಿತು, ಪಂದ್ಯ ಹೊರಟಿತು. ಮೇಷ್ಟ್ರು ಮುಂದೆ, ಅತ್ತಿಗೆ ಹಿಂದೆ. ಹತ್ತು ನಿಮಿಷ. ಹದಿನೈದು. ಹದಿನೆಂಟಕ್ಕೆ ಗುಂಯ್ ಶುರುವಾಯಿತು. ಇಪ್ಪತ್ತಕ್ಕೆ ಬೀದಿಯೇ ಉಸಿರು ಹಿಡಿಯಿತು. ಅಣ್ಣ ಯಂತ್ರದ ಹಿಂದೆ ಮಂಡಿಯೂರಿ ಕೂತು ಕೂಗಿದ: “ನೂಲು ಹಾರ್ತಿದೆ! ಹಾರ್ತಿದೆ! ಓಡಿಸೇ!”

ಇಪ್ಪತ್ತೊಂದು. ಮೂವತ್ತು. ಐವತ್ತು. ಕೊನೆಯ ಸುತ್ತಿನ ಕೊನೆಯ ತಿರುವು. ಮೇಷ್ಟ್ರು ಶಾಸ್ತ್ರೋಕ್ತವಾಗಿ ಕಾಲು ಬದಲಿಸಿ ಬ್ರೇಕು ಒತ್ತಿದರು. ಅತ್ತಿಗೆ ಮಿಷನ್ನು ತುಳಿದಂತೆ ಬ್ರೇಕಿನ ಮೇಲೊಂದು, ಆಕ್ಸಿಲರೇಟರಿನ ಮೇಲೊಂದು, ಎರಡು ಕಾಲನ್ನೂ ಒಟ್ಟಿಗೇ ಒತ್ತಿದರು! ಕಾರಿನ ಹಿಂಭಾಗ ಲಂಗದ ನೆರಿಗೆಯಂತೆ ಬೀಸಿ ತಿರುಗಿತು, ವೇಗ ಮಾತ್ರ ಕೂದಲೆಳೆಯಷ್ಟೂ ತಗ್ಗಲಿಲ್ಲ. ಮೇಷ್ಟ್ರ ಕಾರಿನ ಮೂತಿಗಿಂತ ಒಂದು ಗೇಣು ಮುಂದೆ ಅವರು ಗೆರೆ ದಾಟಿದರು. ನೆರೆದವರ ಕೂಗಿಗೆ ಮೂರೂ ಮಿಷನ್ನುಗಳು ತಾವಾಗಿಯೇ ನಾಲ್ಕು ಹೊಲಿಗೆ ಹಾಕಿದವು. ನಾನೇ ಕಣ್ಣಾರೆ ಕಂಡೆ.

ಮೇಷ್ಟ್ರು ಬೆವರು ಒರೆಸಿಕೊಂಡು ಅತ್ತಿಗೆಯ ಕಾಲುಗಳನ್ನು ನೋಡಿದರು. “ನಾಳೆ ಬೆಳಗ್ಗೆ ಏಳಕ್ಕೆ ಬನ್ನಿ” ಎಂದರು. ನಗಲಿಲ್ಲ.

ಮರುದಿನ ಅತ್ತಿಗೆ ನಿಜವಾದ ಸ್ಟಿಯರಿಂಗು ಹಿಡಿದರು. ಎರಡು ಕಾಲಿಗೂ ಬೇರೆ ಬೇರೆ ಬುದ್ಧಿ ಹೇಳಿ, ಗೋಣಾಡಿಸದೆ ಮೂರು ಬೀದಿ ದಾಟಿಸಿದರು. ಹಿಂದಿನ ಸೀಟಿನಲ್ಲಿ ನಾನೂ ಅಣ್ಣನೂ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟುತ್ತಿದ್ದೆವು. ನಾಲ್ಕನೆಯ ಬೀದಿಯಲ್ಲಿ ಮುಂದಿನ ಮುಚ್ಚಳದ ಸಂದಿಯಿಂದ ಹಬೆ ಎದ್ದಿತು. ಕಾರು ಕಾದು ನಿಂತುಬಿಟ್ಟಿತು.

ಅತ್ತಿಗೆ ಇಳಿದರು. “ಮೇಷ್ಟ್ರೇ, ಇದಕ್ಕೆ ವಾರಂಟಿ ಇದೆಯಾ?”

“ಅಯ್ಯೋ, ಅದು ತೀರಿ ಹದಿನಾಲ್ಕು ವರ್ಷ ಆಯ್ತಮ್ಮಾ.”

ಅಣ್ಣ ಹಿಂದಿನ ಸೀಟಿನಲ್ಲಿ ಎದೆ ಹಿಡಿದುಕೊಂಡ. ಅತ್ತಿಗೆಯ ಮುಖ ಮಾತ್ರ ಅರಳಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲದಿಂದ ಬುಧವಾರದ ಆ ಸ್ಕ್ರೂಡ್ರೈವರನ್ನು ಹೊರಗೆಳೆದರು.

“ಆರಲಿ, ಹತ್ತು ನಿಮಿಷ ಯಾರೂ ಮುಟ್ಟಬೇಡಿ. ಆಮೇಲೆ ನಾನು ಬಿಚ್ತೀನಿ.”