ಆರು ಜೋಡಿ ಟಿಕಳಿ

ಪ್ರತಿ ವರ್ಷ ಎಂಟನೇ ತರಗತಿಗೆ ಭೂಕಂಪ, ಜ್ವಾಲಾಮುಖಿಗಳ ಪಾಠ ಬಂತೆಂದರೆ ನಾನು ದುರ್ಗದಬೈಲಿನ ಪೇಟೆಗೆ ಹೋಗಿ ಟಿಕಳಿ ತರುತ್ತೇನೆ. ಹಣೆಗಲ್ಲ, ಜಗತ್ತಿನ ನಕಾಶೆಗೆ. ಜ್ವಾಲಾಮುಖಿಗೆ ಕೆಂಪು, ಭೂಕಂಪಕ್ಕೆ ಕರಿ. ಇಷ್ಟೊಂದು ಯಾಕೆ ಎಂದು ಅಂಗಡಿಯವನು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಮಕ್ಕಳು ಒಬ್ಬೊಬ್ಬರಾಗಿ ಬಂದು ಹಚ್ಚಿ ಮುಗಿಸುವಷ್ಟರಲ್ಲಿ ಪೆಸಿಫಿಕ್ ಸಾಗರದ ಸುತ್ತ ಒಂದು ಸಾಲು ಮೂಡಿರುತ್ತದೆ, ಹಿಮಾಲಯದಿಂದ ಮೆಡಿಟರೇನಿಯನ್‌ವರೆಗೆ ಇನ್ನೊಂದು. ಭೂಮಿಯ ಚಿಪ್ಪು ಫಲಕಗಳಾಗಿ ಒಡೆದಿದೆ. ಬೆಟ್ಟ ಏಳುವುದು, ಬೆಂಕಿ ಉಗುಳುವುದು, ನೆಲ ನಡುಗುವುದು ಹೆಚ್ಚಾಗಿ ಆ ಫಲಕಗಳ ಅಂಚಿನಲ್ಲೇ ಎಂದು ನಾನು ಹೇಳುತ್ತೇನೆ. ನಡುವೆಯೂ ಒಮ್ಮೊಮ್ಮೆ ನಡುಗುವುದುಂಟು. ಅದು ಪರೀಕ್ಷೆಗೆ ಬರುವುದಿಲ್ಲ.

ಆಮೇಲೆ ನನ್ನ ಮೆಚ್ಚಿನ ಮಾತು. ನಾವಿರುವುದು ಅಂಚಿನಿಂದ ಬಹುದೂರ, ಜಗತ್ತಿನ ಅತಿ ಹಳೆಯ ಬಂಡೆಗಳ ಸಾಲಿನಲ್ಲಿ, ಆ ಬಂಡೆಗಳಿಗೆ ಧಾರವಾಡದ್ದೇ ಹೆಸರು, ಇಲ್ಲಿ ಏನೂ ಆಗುವುದಿಲ್ಲ. ಇದನ್ನು ಹೇಳುವಾಗ ಆ ಬಂಡೆಗಳನ್ನು ನಾನೇ ತಂದಿಟ್ಟವಳ ಹಾಗೆ ಸ್ವಲ್ಪ ಬೀಗುತ್ತೇನೆ.

ನಮ್ಮ ಮನೆ ಉಣಕಲ್ ದಾಟಿದ ಮೇಲೆ, ಹಿಂದೆ ಹೊಲವಾಗಿದ್ದ ಬಡಾವಣೆಯಲ್ಲಿದೆ. ಕಟ್ಟುವಾಗ ಅತ್ತೆ ಒಂದೇ ಮಾತು ಹೇಳಿದ್ದರು. ಇದು ಎರಿ ಭೂಮಿ, ಕೆಳಗೆ ಹರಳುಗಲ್ಲಿನ ಗಟ್ಟಿ ಗರಸು ಹತ್ತುವ ತನಕ ಅಗೆಯಬೇಕು, ಇಲ್ಲದಿದ್ದರೆ ಕರಿ ಮಣ್ಣು ಗೋಡೆಯನ್ನು ಸುಮ್ಮನೆ ಬಿಡುವುದಿಲ್ಲ ಎಂದು. ಅವರು ನವಲಗುಂದದ ಕಡೆಯವರು, ಆಯುಷ್ಯವೆಲ್ಲ ಆ ಮಣ್ಣಿನಲ್ಲೇ ಕಳೆದವರು. ನಮಗೆ ಅವಸರವಿತ್ತು. ಅಗೆಯುವವರಿಗೆ ಇನ್ನೂ ಹೆಚ್ಚು ಅವಸರವಿತ್ತು.

ಮೂರನೇ ಬೇಸಿಗೆಗೆ ಅತ್ತೆಯ ಕೋಣೆಯಲ್ಲಿ, ಬಾಗಿಲ ಚೌಕಟ್ಟಿನ ಮೂಲೆಯಿಂದ ಒಂದು ಬಿರುಕು ಹೊರಟಿತು. ಮಳೆಗಾಲದಲ್ಲಿ ಮುಚ್ಚಿಕೊಂಡಿತು. ದೀಪಾವಳಿಗೆ ಮೊದಲು ನಾವು ಸಿಮೆಂಟು ಮೆತ್ತಿ ಬಣ್ಣ ಹೊಡೆಸಿದೆವು. ಹಬ್ಬ ಇನ್ನೂ ಮುಗಿದಿರಲಿಲ್ಲ, ಅದು ಕೂದಲೆಳೆಯಷ್ಟು ಮತ್ತೆ ಕಾಣಿಸಿತು.

"ಗ್ವಾಡಿ ನಡಿಯಾಕತ್ತೈತಿ ನೋಡವಾ," ಎಂದರು ಅತ್ತೆ.

ನಾನು ನಕ್ಕೆ. ಇಲ್ಲಿ ಭೂಮಿ ಅಲುಗುವುದಿಲ್ಲವೆಂದು ಹೇಳಿ, ಎಂಟನೇ ತರಗತಿಯ ಪಾಠವನ್ನು ಪೂರ್ತಿ ಒಪ್ಪಿಸಿದೆ. ಅವರು ಕೈಯಲ್ಲಿದ್ದ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡರು. ಮತ್ತೆಂದೂ ಗೋಡೆಯ ಮಾತೆತ್ತಲಿಲ್ಲ. ಬಿರುಕಿನ ಮೇಲೆ ಒಂದು ದೊಡ್ಡ ಕ್ಯಾಲೆಂಡರ್ ತೂಗುಹಾಕಲು ಹೇಳಿದರು, ಹಾಕಿದೆ. ಪಾಠ ಚೆನ್ನಾಗಿ ಅರ್ಥವಾಗಿದೆ ಎಂದುಕೊಂಡೆ.

ಅದೇ ಸುಮಾರಿಗೆ ನನ್ನ ಮೇಜಿನ ಮೇಲಿನ ಪಾಕೀಟಿನಿಂದ ಟಿಕಳಿಗಳು ಕಡಿಮೆಯಾಗತೊಡಗಿದವು. ಶಾಲೆಗೆ ಒಯ್ದಾಗ ಹುಡುಗಿಯರು ತೆಗೆಯುತ್ತಿದ್ದಾರೆಂದು ನಾನು ಪ್ರಾಮಾಣಿಕತೆಯ ಬಗ್ಗೆ ಅರ್ಧ ಪಿರಿಯಡ್ ಮಾತಾಡಿದೆ. ಕೆಲವು ದಿನ ಎಲ್ಲರ ಹಣೆಯನ್ನೂ ಅನುಮಾನದಿಂದ ನೋಡಿದೆ. ಅತ್ತೆಯ ಮೇಲೆ ಸಂಶಯ ಬರುವ ಮಾತೇ ಇರಲಿಲ್ಲ. ಮಾವನವರು ಹೋದಂದಿನಿಂದ ಅವರ ಹಣೆಯ ಮೇಲೆ ವಿಭೂತಿ ಬಿಟ್ಟರೆ ಬೇರೇನೂ ಇಲ್ಲ.

ಯುಗಾದಿ ಮುಗಿದ ವಾರ, ವಾರ್ಷಿಕ ಪರೀಕ್ಷೆಯ ಪುನರಾವರ್ತನೆ. ಅಂದು ಮಧ್ಯಾಹ್ನ ಮತ್ತೊಮ್ಮೆ ನಕಾಶೆ ಬಿಚ್ಚಿ, ಇಲ್ಲಿ ಏನೂ ಆಗುವುದಿಲ್ಲವೆಂದು ಹೇಳಿ, ಐದಕ್ಕೆ ಮನೆಗೆ ಬಂದೆ. ಅತ್ತೆಯ ಕೋಣೆಯ ಬಾಗಿಲು ಮುಚ್ಚಿತ್ತು. ಕರೆದೆ. ಒಳಗಿನಿಂದ ಸಣ್ಣ ದನಿ ಬಂತು.

"ಗಾಬರಿ ಆಗಬ್ಯಾಡ. ಚಿಲಕ ತಗದೇನಿ, ಬಾಗಲಾ ತಗಿಯಾಕ ಬರವಲ್ದು."

ಎರಡು ಗಂಟೆಗೆ ಅಡ್ಡಾಗಲೆಂದು ಬಾಗಿಲು ಹಾಕಿಕೊಂಡಿದ್ದರಂತೆ. ಗೋಡೆ ತುಸು ಕೆಳಗಿಳಿದು ಚೌಕಟ್ಟು ಬಾಗಿಲನ್ನು ಅದುಮಿ ಹಿಡಿದಿತ್ತು. ಕರೆಂಟಿರಲಿಲ್ಲ. ಎಪ್ಪತ್ತೆಂಟರ ಹೆಂಗಸು ಮೂರು ತಾಸು ಆ ಧಗೆಯಲ್ಲಿ ಕೂತಿದ್ದರು. ಗಂಡನಿಗೆ ಫೋನ್ ಮಾಡಿದೆ. ಅವತ್ತು ನಾನು ಹೆದರಿದಷ್ಟು ಜೀವಮಾನದಲ್ಲಿ ಹೆದರಿಲ್ಲ. ತಾರಿಹಾಳದ ವರ್ಕ್‌ಶಾಪಿನಿಂದ ನಮ್ಮವರು ಹಾರೆ ತಂದು ಮೀಟಿದರು. ಬಾಗಿಲು ಕಿತ್ತು ಬಂತು, ಜೊತೆಗೆ ಕ್ಯಾಲೆಂಡರೂ ಬಿತ್ತು.

ಬಿರುಕಿನ ಎರಡೂ ಬದಿಗೆ, ಒಂದರ ಕೆಳಗೊಂದು, ಆರು ಜೋಡಿ ಟಿಕಳಿಗಳಿದ್ದವು. ದೀಪಾವಳಿಯಿಂದ ಯುಗಾದಿಯವರೆಗೆ ಅಮಾವಾಸ್ಯೆಗೊಂದು ಜೋಡಿ. ಹಚ್ಚಿದಾಗ ಎರಡೂ ಒಂದಕ್ಕೊಂದು ತಾಗುವಂತೆ ಹಚ್ಚಿದ್ದರು. ಕೊನೆಯ ಜೋಡಿಯ ನಡುವೆ ಒಂದು ಕಾಳಿನಷ್ಟು ಸಂದಿಯಿತ್ತು. ಮೊದಲ ಜೋಡಿಯ ನಡುವೆ ನನ್ನ ಕಿರುಬೆರಳು ಹೋಯಿತು. ಅವರ ತಲೆದಿಂಬು ಅದೇ ಗೋಡೆಗೆ ಹತ್ತಿಕೊಂಡಿತ್ತು.

ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹತ್ತನೇ ತರಗತಿಗೆ ಇದನ್ನೂ ನಾನೇ ಕಲಿಸುತ್ತೇನೆ. ಎರಡು ಅಂಕದ ಪ್ರಶ್ನೆ. ಪುಸ್ತಕದ ಬದನೆಕಾಯಿ ಎನ್ನುವುದು ನನ್ನಂಥವರನ್ನೇ.

ಅತ್ತೆಗೆ ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, ನಾನು ಗೋಡೆ ನೋಡುವುದನ್ನು ನೋಡಿದರು.

"ನಿನ್ನ ನಕಾಶದಾಗ ನಮ್ಮ ಮನಿಗೆ ಒಂದೂ ಟಿಕಳಿ ಇರಲಿಲ್ಲ ನೋಡವಾ. ಅದಕ್ಕ ನಾನ ಹಚ್ಚೇನಿ."

"ನನಗ್ಯಾಕ ಹೇಳಲಿಲ್ರಿ ಅತ್ತಿ?"

"ಹೇಳಿದ್ನಲ್ಲ. ನೀ ನಕ್ಕಿ."

ಆ ಗೋಡೆ ಮೊದಲ ಮಳೆಗೇ ಮಂಚದ ಮೇಲೆ ಬೀಳುತ್ತಿತ್ತು ಎಂದು ಗೋಡೆ ಕಟ್ಟುವ ಗವಂಡಿ ಬಂದು ನೋಡಿ ಹೇಳಿದ. ಕೆಡವಿ ಮತ್ತೆ ಅಗೆಸಿದೆವು. ಅತ್ತೆ ಛತ್ರಿ ಹಿಡಿದು ಕುರ್ಚಿಯ ಮೇಲೆ ಗುಂಡಿಯ ಪಕ್ಕ ಕೂತರು. ಸಾಕೇನ್ರಿ ಎಂದು ಗವಂಡಿ ಎರಡು ಸಲ ಕೇಳಿದ. ಅವರು ನನ್ನ ಕಡೆ ನೋಡಿದರು. ನಾನು ಗುಂಡಿಗಿಳಿದು, ತಳದಿಂದ ಒಂದು ಹಿಡಿ ಮಣ್ಣು ತಂದು ಅವರ ಅಂಗೈಯಲ್ಲಿಟ್ಟು, ಅವರು ಏನು ಹೇಳುತ್ತಾರೋ ಎಂದು ನಿಂತೆ.