ಹನ್ನೊಂದು ವರ್ಷ ಬೋರಲು ಬಿದ್ದಿದ್ದ ದೋಣಿ

ನಮ್ಮ ದೊಡ್ಡಮ್ಮನನ್ನು ಬೀದಿಯವರೆಲ್ಲ ಕರೆಯುವುದು ಸ್ಕ್ರೂ ಅಕ್ಕ ಎಂದು. ಬಟ್ಟೆ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಹೊಲಿಗೆ ಮಿಷಿನ್ನು ರಿಪೇರಿ ಮಾಡಿದವಳು. ಮದುವೆ ಮನೆಗೆ ಹೊರಟಾಗಲೂ ಅವಳ ಕೈಚೀಲದಲ್ಲಿ ಬಾಚಣಿಗೆ ಇರುತ್ತಿತ್ತೋ ಇಲ್ಲವೋ, ಸಣ್ಣದೊಂದು ಸ್ಕ್ರೂಡ್ರೈವರ್ ಮಾತ್ರ ಇದ್ದೇ ಇರುತ್ತಿತ್ತು.

ದೊಡ್ಡಪ್ಪ ಮೀನುಗಾರ. ಒಂದು ಬೆಳಿಗ್ಗೆ, ನದಿ ಕಡಲು ಸೇರುವ ಅಳಿವೆಯ ದಡದಲ್ಲಿ ಬಲೆ ಮಡಚುತ್ತಿದ್ದಾಗಲೇ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಸೋತವು, ನಾಲಿಗೆ ದಪ್ಪವಾಯಿತು. ಕೋಲೂರಿ ಮನೆಯೊಳಗೆ ಓಡಾಡುವಷ್ಟು ಚೇತರಿಸಿಕೊಂಡರು. ಆದರೆ ಮಾತು ತೊದಲುವುದೆಂಬ ನಾಚಿಕೆಗೆ ಆಡುವುದನ್ನೇ ಹೆಚ್ಚುಕಡಿಮೆ ಬಿಟ್ಟರು. ದೋಣಿ ಹಿತ್ತಲಿನಲ್ಲಿ ಬೋರಲು ಬಿತ್ತು. ಅದರ ಹಿಂಬದಿಗೆ ಸಿಕ್ಕಿಸುವ ಮೋಟಾರು ಗೋಣಿಚೀಲ ಹೊದ್ದು ಬಚ್ಚಲ ಪಕ್ಕದ ಮೂಲೆ ಸೇರಿತು. ಹೀಗೆ ಹನ್ನೊಂದು ವರ್ಷ. ಅಷ್ಟು ದಿನವೂ ದೊಡ್ಡಪ್ಪ ಹಿತ್ತಲ ಬಾಗಿಲು ದಾಟಲಿಲ್ಲ.

ದೊಡ್ಡಮ್ಮ ಕೆಲಸದಿಂದ ನಿವೃತ್ತಳಾದ ವಾರವೇ ಬೇಕರಿಯವನು ಬಂದ.

"ಅಕ್ಕಾ, ಆ ದೋಣೀನ ಸುಮ್ನೆ ಗೆದ್ದಲು ತಿಂತಾ ಇದೆ. ನನ್ನ ಒಲೆಗಾದ್ರೂ ಆಗತ್ತೆ, ಕೊಡ್ತೀರಾ?"

"ಕೊಟ್ಬಿಡು," ಎಂದರು ಒಳಗಿನಿಂದ ದೊಡ್ಡಪ್ಪ. ಹೇಳುವಾಗ ಅವರ ಮುಖ ಗೋಡೆಯ ಕಡೆಗಿತ್ತು. ದೊಡ್ಡಮ್ಮ ಒಳಗೆ ಇಣುಕಿ ಅದನ್ನು ನೋಡಿದಳಂತೆ.

"ಗೆದ್ದಲಿಗೂ ಇಲ್ಲ, ನಿಂಗೂ ಇಲ್ಲ, ಹೋಗಪ್ಪ," ಎಂದು ಅವನನ್ನು ಸಾಗಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ನಡೆದಳು.

ಅವಳು ಮೊದಲು ಕರೆಸಿದ್ದು ದೋಣಿ ಕಟ್ಟುವ ಮುದುಕ ಬಡಗಿಯನ್ನು. ಅವನು ದೂರದಿಂದಲೇ ಆಗದೆಂದು ಕೈಯಲ್ಲಾಡಿಸಿದ. "ಸತ್ತೋಗಿದೆ ತಂಗಿ. ಹೆಣಕ್ಯಾಕೆ ಸಿಂಗಾರ?"

"ಹೆಣ ಅನ್ನೋಕೆ ಮುಂಚೆ ನಾಡಿ ಹಿಡಿದು ನೋಡಣ್ಣ."

ಇಬ್ಬರೂ ಸುತ್ತಿಗೆ, ದಬ್ಬಳ ಹಿಡಿದು ಒಂದೊಂದೇ ಹಲಗೆಯನ್ನು ತಟ್ಟಿ, ಚುಚ್ಚಿ ನೋಡಿದರು. ಒಂಬತ್ತು ಹಲಗೆಗಳಲ್ಲಿ ದಬ್ಬಳ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ದೋಣಿಯ ಬೆನ್ನೆಲುಬಾದ ಅಡಿಮರ ಮಾತ್ರ ಗಟ್ಟಿಯಾಗಿ ಠಣ್ಣೆಂದಿತು. ಬಡಗಿ ಗಡ್ಡ ಕೆರೆದುಕೊಂಡ. ಮೊದಲ ಹಲಗೆಯನ್ನು ಅವನು ಕೂರಿಸಿದ, ದೊಡ್ಡಮ್ಮ ನೋಡಿದಳು. ಎರಡನೆಯದನ್ನು ಅವಳು ಕೂರಿಸಿದಳು. ಅವನು ನೋಡಿ, ಬಿಚ್ಚಿಸಿದ. ಮೂರನೆಯದಕ್ಕೆ ಅವನು ಏನೂ ಅನ್ನದೆ ಬೀಡಿ ಹಚ್ಚಿದ. ಆ ಬಡಗಿ ಬಾಯಿ ಮುಚ್ಚಿದನೆಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇರೆ ಇಲ್ಲ. ಉಳಿದ ಆರನ್ನು ಅವಳೊಬ್ಬಳೇ ಕೂರಿಸಿ, ಸಂದುಸಂದಿಗೂ ಹತ್ತಿಯ ಬತ್ತಿ ಜಡಿದು, ಮೇಲೆ ಡಾಂಬರು ಬಳಿದಳು.

ಮೋಟಾರಿನದು ಬೇರೆಯೇ ರಾಮಾಯಣ. ಉಪ್ಪುಗಾಳಿಗೆ ಪಿಸ್ಟನ್ ಕಚ್ಚಿಕೊಂಡುಬಿಟ್ಟಿತ್ತು. ಬಲ ಹಾಕಿದರೆ ಮುರಿಯುತ್ತದೆ. ದೊಡ್ಡಮ್ಮ ಬೆಳಿಗ್ಗೆ ಸಂಜೆ ಅದರ ಬಾಯಿಗೆ ನಾಲ್ಕು ಚಮಚ ಡೀಸೆಲ್ ಹನಿಸುತ್ತ ಕಾದಳು. ಹತ್ತನೆಯ ದಿನ ಅದು ಕೂದಲೆಳೆಯಷ್ಟು ಅಲುಗಿತು. ಆಮೇಲೆ ಒಂದೊಂದೇ ಭಾಗ ಬಿಚ್ಚಿ, ತೊಳೆದು, ಬಿಚ್ಚಿದ ಕ್ರಮದಲ್ಲೇ ತಟ್ಟೆಗಳಲ್ಲಿ ಜೋಡಿಸಿಟ್ಟಳು. ಪ್ರತಿ ಭಾನುವಾರ ನಾನು ಹೋದಾಗ ಊಟದ ಮೇಜಿನ ಮೇಲೆ ಊಟವೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತಿತ್ತು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ದೊಡ್ಡಪ್ಪ ಆ ಮೇಜಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಮೋಟಾರನ್ನು ಹಿತ್ತಲಲ್ಲಿ ನೀರು ತುಂಬಿದ ಡ್ರಮ್ಮಿಗೆ ಸಿಕ್ಕಿಸಿ ಹಗ್ಗ ಎಳೆದಳು. ಎಳೆದಳು, ಎಳೆದಳು, ಹದಿನೇಳನೆಯ ಸಲಕ್ಕೆ ಅದು ಕೆಮ್ಮಿ, ಹೊಗೆ ಕಾರಿ, ಗರ್ರೆಂದು ಚಾಲೂ ಆಯಿತು. ನಾನು ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಒಳಗೆ ಕುರ್ಚಿ ಬಿದ್ದ ಸದ್ದು.

"ನಿಲ್ಸು! ನಿಲ್ಸೇ!"

ಕೋಲು ಕುಟ್ಟುತ್ತ ದೊಡ್ಡಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ದೊಡ್ಡಮ್ಮ ಗಾಬರಿಯಿಂದ ಮೋಟಾರು ನಿಲ್ಲಿಸಿದಳು.

"ಏನಾಯ್ತ್ರೀ?"

"ಉ... ಉಚ್ಚೆ ಹೊಯ್ತಿಲ್ಲ ಅದು! ಸುಟ್ಟೋಗತ್ತೆ!"

ನನಗೆ ತಲೆಬುಡ ತಿಳಿಯಲಿಲ್ಲ. ಮೋಟಾರನ್ನು ತಂಪಾಗಿಡುವ ನೀರು ಪಕ್ಕದ ಸಣ್ಣ ತೂತಿನಿಂದ ಸದಾ ಚಿಮ್ಮುತ್ತಿರಬೇಕಂತೆ. ಮೀನುಗಾರರು ಅದಕ್ಕೆ ಹೇಳುವ ಮಾತೇ ಅದು. ಆ ನೀರು ಡ್ರಮ್ಮಿಗೆ ಬೀಳುವ ಸದ್ದಿಲ್ಲವೆಂಬುದು ಅವರಿಗೆ ಒಳಗಿನ ಕೋಣೆಯಲ್ಲಿದ್ದಾಗಲೇ ಗೊತ್ತಾಗಿತ್ತು. ಮೆಟ್ಟಿಲಿಳಿದು ಬಂದು, ಎಡಗೈ ಬೆರಳಿನಿಂದ ತೂತು ಸವರಿ, "ತಂತಿ," ಎಂದರು. ದೊಡ್ಡಮ್ಮ ತಂತಿ ಚುಚ್ಚಿದಳು. ಕಣಜದ ಹುಳು ಕಟ್ಟಿದ್ದ ಗೂಡಿನ ಮಣ್ಣು ಉದುರಿತು. ಮತ್ತೆ ಹಗ್ಗ ಎಳೆದಾಗ ಸಣ್ಣ ಧಾರೆಯೊಂದು ಚಿಮ್ಮಿ ನೇರ ದೊಡ್ಡಪ್ಪನ ಪಾದಕ್ಕೇ ಬಿತ್ತು. ಅವರು ನಕ್ಕರು. ಬಾಯಿ ಒಂದು ಕಡೆ ಸೊಟ್ಟಗಾದರೂ ಅದು ಹೊಟ್ಟೆಯಿಂದ ಬಂದ ನಗು.

"ನನ್ನ ಮಿಷಿನ್‌ಗಳು ಯಾವತ್ತೂ ಉಚ್ಚೆ ಹೊಯ್ದಿಲ್ಲ ಕಣ್ರೀ, ನಂಗೇನ್ ಗೊತ್ತು," ಎಂದು ದೊಡ್ಡಮ್ಮ ಕಣ್ಣೊರೆಸಿಕೊಂಡಳು. ಹೊಗೆಗೆ ಎಂದಳು. ಇರಲಿ.

ದೋಣಿಯನ್ನು ಅಳಿವೆಗೆ ಇಳಿಸಿದ ದಿನ ಅರ್ಧ ಗಂಟೆಯಲ್ಲೇ ಒಳಗೆ ಮೊಣಕಾಲುದ್ದ ನೀರು. ದೊಡ್ಡಪ್ಪನೂ ಕೋಲೂರಿಕೊಂಡು ದಡಕ್ಕೆ ಬಂದಿದ್ದರು. ಬಕೆಟ್ಟಿಗೆ ಕೈ ಹಾಕಿದ ದೊಡ್ಡಮ್ಮನನ್ನು ಅವರು ತಡೆದರು.

"ಕುಡೀಲಿ ಬಿಡು. ಹನ್ನೊಂದು ವರ್ಷದ ಬಾಯಾರಿಕೆ."

ಒಣಮರ ನೀರು ಕುಡಿದು ಉಬ್ಬಿದರೆ ಸಂದು ತಾನಾಗಿ ಮುಚ್ಚುತ್ತದೆಂದು ಬಡಗಿಯೂ ತಲೆಯಾಡಿಸಿದ. ಹಾಗೇ ಆಯಿತು. ನಾಲ್ಕನೆಯ ದಿನ ನೀರು ಹೊರಹಾಕಿ ನೋಡಿದರೆ ಒಳಗೆ ಬರೀ ಬೆವರಿನಷ್ಟು ತೇವ.

ಅಂದು ಬಡಗಿ, ನಾನು ಇಬ್ಬರೂ ಸೇರಿ ದೊಡ್ಡಪ್ಪನನ್ನು ಎತ್ತಿ ದೋಣಿಯಲ್ಲಿ ಕೂರಿಸಿದೆವು. ಅವರು ತಾವಾಗಿಯೇ ಹಿಂದಕ್ಕೆ ಸರಿದು ಮೋಟಾರಿನ ಹಿಡಿಗೆ ಕೈ ಹಾಕಿದರು. ದೋಣಿಯ ಬಲಬದಿಗೆ ಕೂತರೆ ಮೋಟಾರನ್ನು ಹಿಡಿಯುವುದು ಎಡಗೈಯಿಂದಲೇ. ಅವರು ಮೊದಲಿಂದಲೂ ಹಿಡಿಯುತ್ತಿದ್ದದ್ದು ಹಾಗೇ. ಹನ್ನೊಂದು ವರ್ಷ ಅದು ಯಾರ ತಲೆಗೂ ಹೊಳೆದಿರಲಿಲ್ಲ, ಅವರ ತಲೆಗೂ. ಹಗ್ಗ ಎಳೆಯುವುದಕ್ಕೆ ಮಾತ್ರ ಒಂದು ಕೈ ಸಾಲದು. ಅದನ್ನು ದೊಡ್ಡಮ್ಮ ಎಳೆದಳು.

ಈಗ ವಾರಕ್ಕೆರಡು ಸಲ ಇಬ್ಬರೂ ಹೋಗುತ್ತಾರೆ. ಮೀನು ಸಿಕ್ಕರೆ ಸಿಕ್ಕಿತು. ಬಡಗಿಯ ಬಾಯಿಂದ ಸುದ್ದಿ ಹರಡಿ, ದಡದವರು ಕೆಟ್ಟ ಮೋಟಾರುಗಳನ್ನು ದೊಡ್ಡಮ್ಮನಿಗೆ ತಂದು ಕೊಡುತ್ತಾರೆ. ದೊಡ್ಡಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ತೊದಲುತ್ತಲೇ, "ಅದಲ್ಲ, ಆಚೆ ನಟ್ಟು... ನಿಧಾನ ಕಣೇ," ಎಂದು ಬೈಯುತ್ತಾರೆ. ಅವಳು, "ನೀವೇ ಬಿಚ್ಚಿ ಹಾಗಾದ್ರೆ," ಎಂದು ಸ್ಪ್ಯಾನರ್ ಅವರ ಎಡಗೈಗೆ ಕೊಡುತ್ತಾಳೆ. ಅವರು ಬಿಚ್ಚುತ್ತಾರೆ.