ಭದ್ರಾವತಿಯ ಬೀದಿಯಲ್ಲಿ ನಿಂತುಹೋದ ಜೀಪು

ಶಿವಮೊಗ್ಗ, ಭದ್ರಾವತಿಗಳ ನಡುವಿನ ಮಾಚೇನಹಳ್ಳಿಯಲ್ಲಿ ನನ್ನದೊಂದು ಸಣ್ಣ ಲೇತ್ ಶೆಡ್ ಇದೆ. ನಾವು ಮಾಡಿಕೊಡುವ ಯಂತ್ರದ ಬುಷ್ಷು, ಶಾಫ್ಟುಗಳಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸ್ಸು ಬರುತ್ತದೆ. ಮೂವತ್ತು ವರ್ಷ ಮೈಕ್ರೋಮೀಟರ್ ಹಿಡಿದುಕೊಂಡೇ ಬದುಕಿದವನು ನಾನು. ಅಳತೆಗೆ ಸಿಗದ ವಿಷಯವನ್ನು ಯಾರಾದರೂ ಹೇಳಿದರೆ ನಗು ಬರುತ್ತಿತ್ತು. ಶೆಡ್ಡಿನ ಎದುರಿನ ಟೀ ಅಂಗಡಿಯಲ್ಲಿ ಯಾರಾದರೂ ದೆವ್ವದ ಕತೆ ತೆಗೆದರೆ, "ನೀನೇ ನೋಡಿದ್ಯಾ, ಇಲ್ಲ ನಿನ್ನ ಭಾವನ ಫ್ರೆಂಡ್ ನೋಡಿದ್ನಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ. ದೆವ್ವವನ್ನು ನಾನು ಇವತ್ತಿಗೂ ನೋಡಿಲ್ಲ. ನಂಬಿಯೂ ಇಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಭದ್ರಾವತಿಯ ಒಂದು ಬೀದಿಯಲ್ಲಿ, ಬೆಳಗಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ನನ್ನ ಕಣ್ಣೆದುರೇ ನಡೆದ ಒಂದು ಸಂಗತಿ ಇದೆ. ಅದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ನನಗೆ ತಿಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನಗೆ ಹಳೆಯ ಯಂತ್ರಗಳೆಂದರೆ ಮೊದಲಿನಿಂದ ಪ್ರೀತಿ. ಗಾಜನೂರಿನ ಹತ್ತಿರ ಪರಿಚಯದವರ ತೋಟದ ಶೆಡ್ಡಿನಲ್ಲಿ ಹಳೆಯ ಪೆಟ್ರೋಲ್ ಜೀಪೊಂದು ತೆಂಗಿನ ಗರಿಗಳ ಕೆಳಗೆ ಬಿದ್ದಿತ್ತು. ಮಿಲಿಟರಿಯವರು ಹರಾಜು ಹಾಕಿದಾಗ ಅವರ ತಂದೆ ತಂದದ್ದಂತೆ. ಅದನ್ನು ನಾನು ಮನೆಗೆ ತಂದ ದಿನ ನನ್ನ ಹೆಂಡತಿ ಗಿರಿಜ ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆ ಗೇಟಿನಲ್ಲೇ ನಿಂತು ನೋಡಿ, "ವಯಸ್ಸಾಗ್ತಾ ಆಗ್ತಾ ನಿಮ್ಗೆ ತುಕ್ಕು ಹಿಡಿದ ಕಬ್ಬಿಣದ ಮೇಲೇ ಪ್ರೀತಿ ಜಾಸ್ತಿ ಆಗ್ತಿದೆ ಮಾರಾಯ್ರೇ" ಅಂದಳು. ಅಂದರೂ ಒಳಗೆ ಹೋಗಿ ವಿಭೂತಿ ತಂದು ಬಾನೆಟ್ಟಿಗೆ ಮೂರು ಬೆರಳು ಎಳೆದಳು.

ತೊಂದರೆ ಶುರುವಾದದ್ದು ಕಾಗದಪತ್ರದಲ್ಲಿ. ನೋಂದಣಿ ಪುಸ್ತಕದಲ್ಲಿ ಹರಾಜಿನ ನಂತರದ ವಿವರ ಇತ್ತೇ ಹೊರತು ಗಾಡಿ ತಯಾರಾದ ವರ್ಷದ ಜಾಗ ಖಾಲಿ. ಕಚೇರಿಯಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. ವಯಸ್ಸಿಗೆ ಏನಾದರೂ ದಾಖಲೆ ತಂದರೆ ನೋಂದಣಿ ಮುಂದುವರಿಸಬಹುದು, ಇಲ್ಲದಿದ್ದರೆ ಗುಜರಿಗೆ ಹಾಕುವುದೇ ದಾರಿ ಎಂದು ಸಮಾಧಾನವಾಗಿ ತಿಳಿಸಿದರು. ಎಷ್ಟು ವರ್ಷದ್ದೆಂದು ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಅಂಥ ಗಾಡಿಯನ್ನು ಕತ್ತರಿಸಿಹಾಕುವುದು ನನ್ನಿಂದ ಸಾಧ್ಯವಿರಲಿಲ್ಲ.

ಎಲ್ಲರೂ ಹೇಳಿದ್ದು ಒಂದೇ ಹೆಸರು: ಭದ್ರಾವತಿಯ ಬಾಷಾ ಸಾಬ್ರು. ಎಪ್ಪತ್ತರ ಹತ್ತಿರದ ಮೆಕ್ಯಾನಿಕ್. ಅವರ ಗ್ಯಾರೇಜಿಗೆ ಬೋರ್ಡಿಲ್ಲ, ಒಂದು ಹುಣಸೆಮರ ಮತ್ತು ನಾಲ್ಕು ತಗಡು ಅಷ್ಟೇ. ಆ ಮನುಷ್ಯ ಕೆಲಸ ಮಾಡುವುದನ್ನು ನೋಡಿ ನನಗೆ ನನ್ನ ಮೂವತ್ತು ವರ್ಷದ ಅನುಭವ ಸಣ್ಣದೆನಿಸಿತು. ಬೋಲ್ಟೊಂದನ್ನು ಬಿಚ್ಚಿ ಹೆಬ್ಬೆರಳಿನಲ್ಲಿ ಸವರಿ, ಇದು ಗಾಡಿಯ ಜೊತೆ ಬಂದದ್ದು, ಇದು ಆಮೇಲೆ ಯಾರೋ ಹಾಕಿದ್ದು ಎಂದು ಬೇರೆ ಮಾಡುತ್ತಿದ್ದರು. ಬೆಸುಗೆ ನೋಡಿ, ಅದನ್ನು ಹಾಕಿದವನು ಎಡಗೈಯವನು ಅನ್ನುತ್ತಿದ್ದರು. ಅವರು ಪಕ್ಕದಲ್ಲಿದ್ದಷ್ಟು ದಿನ ನಾನು ಮೈಕ್ರೋಮೀಟರನ್ನು ಜೇಬಿನಿಂದ ತೆಗೆಯಲಿಲ್ಲ.

"ಕಾಗದ ಕಳೆದುಹೋಗ್ಲಿ ಸಾರ್, ಗಾಡಿ ಮೈಮೇಲೆ ಎಲ್ಲಾ ಬರೆದಿರುತ್ತೆ. ಓದೋಕೆ ಸ್ವಲ್ಪ ಟೈಮ್ ಕೊಡಿ" ಅಂದರು.

ಅವರು ಓದಿದರು. ಬಾನೆಟ್ಟಿನ ಪಕ್ಕವನ್ನು ನೀರು ಹಾಕಿ ಉಪ್ಪುಕಾಗದದಿಂದ ಉಜ್ಜುತ್ತಾ ಹೋದರು. ಮೇಲಿನ ಕೆಂಪು ಹೋಗಿ ಬಿಳಿ ಬಂತು, ಬಿಳಿ ಹೋಗಿ ಹಳದಿ, ಅದರ ಕೆಳಗೆ ಮಿಲಿಟರಿ ಹಸಿರು. ಆ ಹಸಿರಿನ ಮೇಲೆ ಮಸುಕಾಗಿ ಮೇಲ್ಮುಖದ ಬಾಣದ ಗುರುತು ಕಂಡಿತು. ಸೇನೆಯ ಗಾಡಿಗಳಲ್ಲಿ ಆ ಬಾಣದ ಮುಂದಿನ ಎರಡು ಅಂಕಿ ವರ್ಷವನ್ನು ಸೂಚಿಸುತ್ತವೆ. ಮೊದಲನೆಯದು ಆರು. ಎರಡನೆಯದಿದ್ದ ಜಾಗದಲ್ಲಿ ತಗಡು ತುಕ್ಕು ಹಿಡಿದು ಉದುರಿಹೋಗಿತ್ತು. ಅದರಾಚೆಗಿನ ಅಕ್ಷರ ಮತ್ತು ಅಂಕಿಗಳಲ್ಲಿ ಹೆಚ್ಚಿನವು ಸಿಕ್ಕವು. ನಮಗೆ ಬೇಕಾದ ಆ ಒಂದೇ ಒಂದು ಅಂಕಿ ಇರಲಿಲ್ಲ. ಎಂಜಿನ್ನಿನ ಮೇಲಿನ ನಂಬರಿನಿಂದಲೂ ಪ್ರಯೋಜನವಾಗಲಿಲ್ಲ. ಎಂಜಿನ್ನನ್ನು ಸೇನೆಯವರೇ ಯಾವಾಗಲೋ ಬದಲಾಯಿಸಿದ್ದರೆಂದು ಸಾಬ್ರು ಕಂಡುಹಿಡಿದರು. ಮುಂದಿನ ಗಾಜಿನ ಚೌಕಟ್ಟಿಗೆ ಯಾರೋ ಅವಸರದಲ್ಲಿ ಬೆಸೆದ ಕೊಕ್ಕೆಯೊಂದಿತ್ತು. ಅದು ಯಾಕೆಂದು ಮಾತ್ರ ಅವರಿಗೂ ತಿಳಿಯಲಿಲ್ಲ.

ಎರಡು ತಿಂಗಳಲ್ಲಿ ಜೀಪು ಓಡುವ ಸ್ಥಿತಿಗೆ ಬಂತು. ವೈರಿಂಗ್ ಪೂರ್ತಿ ಹೊಸದು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದದ್ದು, ಪೆಟ್ರೋಲ್ ಪಂಪು ಹೊಸದು. ಎಲ್ಲವನ್ನೂ ಸಾಬ್ರು ತಮ್ಮ ಕೈಯಾರೆ ಮಾಡಿದ್ದರು. ಮಾಚೇನಹಳ್ಳಿಯ ತನಕ ಓಡಿಸಿ ನೋಡೋಣವೆಂದು ಇಬ್ಬರೂ ಹೊರಟೆವು. ಮುಖ್ಯರಸ್ತೆಯಲ್ಲಿ ಪೈಪು ಹಾಕಲು ಅಗೆದಿದ್ದರು. ಹಾಗಾಗಿ ನಾನು ಹಳೆಯ ಕಾರ್ಖಾನೆ ಕಾರ್ಮಿಕರ ಮನೆಗಳಿರುವ ಬೀದಿಗೆ ತಿರುಗಿಸಿದೆ. ಆ ಬೀದಿಗೆ ನಾನು ಅದಕ್ಕೆ ಮುಂಚೆ ಹೋದವನೇ ಅಲ್ಲ.

ಬೀದಿಯ ಮಧ್ಯದಲ್ಲಿ ಎಂಜಿನ್ ನಿಂತಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ, ಕೀಲಿ ತಿರುಗಿಸಿ ಆಫ್ ಮಾಡಿದ ಹಾಗೆ ಸುಮ್ಮನೆ ನಿಂತಿತು.

ಸಾಬ್ರು ಬಾನೆಟ್ ಎತ್ತಿದರು. ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಚೆನ್ನಾಗಿ ಬರುತ್ತಿತ್ತು. ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುತ್ತಿತ್ತು. ಬಿಸಿಯಾಗಿರಬಹುದೆಂದು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾದೆವು. ಸೆಲ್ಫ್ ಹೊಡೆದೆವು, ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದೆವು. ಎಂಜಿನ್ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಅರ್ಧ ಗಂಟೆ ಕಳೆಯಿತು. ಸಾಬ್ರ ಮುಖದಲ್ಲಿ ಬೆವರು ಇಳಿಯುತ್ತಿತ್ತು. ತಾವು ಕಟ್ಟಿದ ಗಾಡಿ ತಮ್ಮ ಮಾತು ಕೇಳದಿದ್ದುದು ಅವರಿಗೆ ಅವಮಾನವಾದಂತಿತ್ತು.

ನಾವು ನಿಂತದ್ದು ಒಂದು ಹೆಂಚಿನ ಮನೆಯ ಬಾಗಿಲಿಗೆ ಸರಿಯಾಗಿ. ಜಗುಲಿಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಹೊಲಿಗೆ ಮಿಷನ್ ತುಳಿಯುತ್ತಿದ್ದರು. ಒಳಗಿನಿಂದ ಎಂಬತ್ತು ದಾಟಿದ ಅವರ ತಾಯಿ ಗೋಡೆ ಹಿಡಿದುಕೊಂಡು ಬಂದರು. ನಮ್ಮನ್ನು ನೋಡಲಿಲ್ಲ, ಜೀಪನ್ನೇ ನೋಡುತ್ತಾ ಮೆಟ್ಟಿಲಿಳಿದರು. ಸುತ್ತ ಒಂದು ಸಲ ಬಂದರು. ಗಾಜಿನ ಚೌಕಟ್ಟಿನ ಕೊಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಆವತ್ತೂ ಇಲ್ಲೇ ನಿಲ್ಸಿದ್ರು. ಇದೇ ಕಲ್ಲಿನ ಹತ್ರ" ಅಂದರು.

ಮಗಳು ಎದ್ದು ಬಂದು, ಅಮ್ಮನಿಗೆ ಯಾವುದೋ ನೆನಪಾಗಿರಬೇಕು, ತಪ್ಪು ತಿಳಿಯಬೇಡಿ ಎಂದು ಹೇಳಿದರು. ಮುದುಕಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಡ್ರೈವರ್ ಸೀಟಿನ ಹತ್ತಿರ ಬಂದು ನನಗೆ ಇಳಿಯಲು ಹೇಳಿದರು. ಕೈಯನ್ನು ಸೀಟಿನ ಕೆಳಗೆ ಎಡಕ್ಕೆ, ಮೊಳಕೈ ತನಕ ಒಳಗೆ ಹಾಕಿದರು. ಹುಡುಕಲಿಲ್ಲ. ನಮ್ಮ ಮನೆಯ ಅಡುಗೆಮನೆಯ ದೀಪದ ಸ್ವಿಚ್ಚು ಕತ್ತಲಲ್ಲಿ ನಮಗೆ ಸಿಗುತ್ತದಲ್ಲ, ಹಾಗೆ ಅವರ ಕೈ ನೇರವಾಗಿ ಹೋಯಿತು. 'ಟಕ್' ಎಂದು ಸಣ್ಣ ಸದ್ದಾಯಿತು.

"ಈಗ ಹೊಡೀರಿ" ಅಂದರು.

ನಾನು ನಿಂತಲ್ಲಿಂದಲೇ ಕೈ ಚಾಚಿ ಸೆಲ್ಫ್ ಹೊಡೆದೆ. ಮೊದಲ ಸುತ್ತಿಗೇ ಎಂಜಿನ್ ಹತ್ತಿಕೊಂಡಿತು.

ಅವರ ಹೆಸರು ಕಮಲಮ್ಮ, ಮಗಳು ಶಾಂತಿ. ಒಳಗೆ ಕರೆದು ಕಾಫಿ ಕೊಟ್ಟರು. ಕಮಲಮ್ಮನವರ ಗಂಡ ಮುನಿಸ್ವಾಮಿಯವರು ಸೇನೆಯಲ್ಲಿ ಡ್ರೈವರ್ ಆಗಿದ್ದವರು. ಆಮೇಲೆ ಊರಿಗೆ ಬಂದು ಕಾರ್ಖಾನೆ ಸೇರಿ, ನಿವೃತ್ತರಾಗಿ, ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗಡಿಯ ಬೆಟ್ಟದ ದಾರಿಯಲ್ಲಿ ಗಾಯಾಳುಗಳಾದ ಇಬ್ಬರು ಸಿಪಾಯಿಗಳನ್ನು ಇಳಿಸಿಕೊಂಡು ಬರುವಾಗ ಈ ಜೀಪಿನ ಪೆಟ್ರೋಲ್ ಪಂಪು ಕೆಟ್ಟಿತಂತೆ. ಮುನಿಸ್ವಾಮಿಯವರು ಒಂದು ಡಬ್ಬಿಗೆ ಪೆಟ್ರೋಲ್ ತುಂಬಿ, ಜೊತೆಗಿದ್ದವನ ಕೈಗೆ ಕೊಟ್ಟು ಎತ್ತರದಲ್ಲಿ ಹಿಡಿಸಿ, ಅಲ್ಲಿಂದ ಎಂಜಿನ್ನಿಗೆ ಕೊಳವೆ ಬಿಟ್ಟು, ಬಂಡೆ ಉರುಳುವ ದಾರಿಯಲ್ಲಿ ಇಡೀ ಹಗಲು ಓಡಿಸಿಕೊಂಡು ಕೆಳಗೆ ಬಂದರು. ಗಾಯಾಳುಗಳಿಬ್ಬರೂ ಬದುಕಿ ಉಳಿದರು. ಡಬ್ಬಿ ಹಿಡಿದವನ ಕೈ ಮರಗಟ್ಟಿಹೋಗಿತ್ತು. ಇನ್ನೊಮ್ಮೆ ಹಾಗಾದರೆ ಡಬ್ಬಿ ತೂಗುಹಾಕಲು ಇರಲಿ ಎಂದು ಆಮೇಲೆ ಮುನಿಸ್ವಾಮಿಯವರೇ ಗಾಜಿನ ಚೌಕಟ್ಟಿಗೆ ಬೆಸೆದ ಕೊಕ್ಕೆ ಅದು. ಪದಕವೇನೂ ಬರಲಿಲ್ಲ, ಅವರು ಕೇಳಲೂ ಇಲ್ಲ. ಜೀಪನ್ನು ರಸ್ತೆಯ ಮೇಲೆ ದಕ್ಷಿಣದ ಕ್ಯಾಂಪಿಗೆ ಸಾಗಿಸುವಾಗ, ದಾರಿಯಲ್ಲಿ ನಿನ್ನ ಊರು ಹಾದು ಹೋಗು ಎಂದು ಅವರ ಸಾಹೇಬರು ಅನುಮತಿ ಕೊಟ್ಟರು. ಅವರಿಗೆ ಸಿಕ್ಕ ಬಹುಮಾನ ಅಷ್ಟೇ. ಅರ್ಧ ಗಂಟೆ ಈ ಬಾಗಿಲಲ್ಲಿ ನಿಂತು, ಕಾಫಿ ಕುಡಿದು ಹೋದರಂತೆ.

"ಯಾರೂ ಹೇಳ್ದೆ ಕೇಳ್ದೆ ಗಾಡಿ ತಗೊಂಡು ಹೋಗ್ಬಾರ್ದು ಅಂತ ಸೀಟಿನ ಕೆಳಗೆ ಎಂಜಿನ್ ನಿಲ್ಸೋ ಸ್ವಿಚ್ಚೊಂದು ಇಟ್ಟಿದ್ರು. ನನ್ನ ಕೈ ಹಿಡ್ಕೊಂಡು ತೋರ್ಸಿದ್ರು. ನಮ್ಮಿಬ್ರಿಗೇ ಗೊತ್ತಿರೋದು ಇದು, ಯಾರಿಗೂ ಹೇಳ್ಬೇಡ ಅಂದಿದ್ರು" ಎಂದು ಕಮಲಮ್ಮ ನಕ್ಕರು. "ಇವತ್ತು ನಿಮ್ಗೆ ಹೇಳ್ಬಿಟ್ಟೆ."

ಶಾಂತಿಯವರು ಬೀರುವಿನಿಂದ ಒಂದು ಕಪ್ಪುಬಿಳುಪು ಫೋಟೋ ತಂದರು. ತೆಳ್ಳಗಿನ ಯುವಕನೊಬ್ಬ ಜೀಪಿಗೆ ಒರಗಿ ನಿಂತಿದ್ದ. ಬಾನೆಟ್ಟಿನ ಪಕ್ಕದ ನಂಬರು ಸ್ಪಷ್ಟವಾಗಿತ್ತು. ನಮಗೆ ಸಿಕ್ಕಿದ್ದ ಅಕ್ಷರ, ಅಂಕಿಗಳನ್ನು ನಾನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಒಂದೊಂದಾಗಿ ಹೋಲಿಸಿದೆ. ಎಲ್ಲವೂ ಅವೇ. ಆರರ ಪಕ್ಕದ, ನಾವು ಎರಡು ತಿಂಗಳು ಹುಡುಕಿದ ಅಂಕಿ ಅಲ್ಲಿತ್ತು. ನನ್ನ ಜೀಪು ನನಗಿಂತ ಎರಡು ವರ್ಷಕ್ಕೆ ದೊಡ್ಡದೆಂದು ಆ ಕ್ಷಣ ತಿಳಿಯಿತು.

ನಾನು ಎಷ್ಟು ಸಂತೋಷದಲ್ಲಿದ್ದೆನೆಂದರೆ ಸಾಬ್ರು ಅಷ್ಟು ಹೊತ್ತು ಒಂದೂ ಮಾತಾಡಿಲ್ಲವೆಂಬುದು ಗಮನಕ್ಕೇ ಬಂದಿರಲಿಲ್ಲ. ಮಾಚೇನಹಳ್ಳಿ ಸೇರಿದ ಮೇಲೆ ಅವರು ಜೀಪಿನಿಂದ ಇಳಿದು, ಶೆಡ್ಡಿನಲ್ಲಿದ್ದ ಟಾರ್ಚ್ ಕೇಳಿದರು. ಸೀಟನ್ನು ಬಿಚ್ಚಿ ಕೆಳಗಿಟ್ಟರು.

"ನೋಡಿ ಸಾರ್" ಅಂದರು.

ಅಲ್ಲೊಂದು ಹಿತ್ತಾಳೆಯ ಹಳೆಯ ಸ್ವಿಚ್ಚಿತ್ತು. ಅದರ ಹಿಂದೆ ಎರಡು ಸ್ಕ್ರೂ. ಯಾವುದಕ್ಕೂ ವೈರಿರಲಿಲ್ಲ.

"ವೈರಿಂಗ್ ಬದ್ಲಾಯಿಸ್ದಾಗ ಹಳೇ ವೈರೆಲ್ಲಾ ನಾನೇ ಕಿತ್ತು ಹಾಕಿದ್ದು. ಸ್ವಿಚ್ಚು ಚೆನ್ನಾಗಿದೆ ಅಂತ ಹಾಗೇ ಬಿಟ್ಟೆ. ಇದು ಎರಡು ತಿಂಗಳಿಂದ ಸತ್ತಿದೆ ಸಾರ್."

ನಾನು ನಂಬಲಿಲ್ಲ. ಮೀಟರ್ ತಂದು ಪರೀಕ್ಷಿಸಿದೆ. ಕೀಲಿಯಿಂದ, ಕಿಡಿ ಹುಟ್ಟಿಸುವ ಕಾಯಿಲ್‌ಗೆ ಹೋಗುವ ಹೊಸ ವೈರು ಬೇರೆಯದೇ ದಾರಿಯಲ್ಲಿತ್ತು, ಆ ಸ್ವಿಚ್ಚಿನ ಒಂದಡಿ ಹತ್ತಿರಕ್ಕೂ ಬರುತ್ತಿರಲಿಲ್ಲ. ಎಂಜಿನ್ ಓಡುವಾಗ ಸ್ವಿಚ್ಚನ್ನು ಹತ್ತು ಸಲ ಆಚೆ ಈಚೆ ಮಾಡಿದೆ. ಏನೂ ಆಗಲಿಲ್ಲ. ಯಾವುದೋ ವೈರು ಸಡಿಲವಾಗಿದ್ದು, ಅವರ ಕೈ ತಾಗಿ ಕೂಡಿಕೊಂಡಿರಬಹುದೆಂದು ಪ್ರತಿಯೊಂದು ಜೋಡಣೆಯನ್ನೂ ಜಗ್ಗಿ ನೋಡಿದೆ. ಸಾಬ್ರ ಕೆಲಸದಲ್ಲಿ ಸಡಿಲವೆಂಬುದೇ ಇರಲಿಲ್ಲ. ಮರುದಿನ ಒಬ್ಬನೇ ಅದೇ ಬೀದಿಯಲ್ಲಿ, ಅದೇ ಮನೆಯ ಮುಂದೆ ಮೂರು ಸಲ ಜೀಪು ಓಡಿಸಿದೆ. ಎಂಜಿನ್ ಒಂದು ಸಲವೂ ತಡವರಿಸಲಿಲ್ಲ. ಮಿಷನ್ ತುಳಿಯುತ್ತಿದ್ದ ಶಾಂತಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಫೋಟೋದ ನಂಬರು ಹಾಕಿ ಸೇನೆಯ ಕಚೇರಿಗೆ ಬರೆದೆ. ಕೆಲವು ತಿಂಗಳ ನಂತರ ಉತ್ತರ ಬಂತು. ವರ್ಷ ಸರಿಯಾಗಿತ್ತು. ನೋಂದಣಿ ಮುಂದುವರಿಯಿತು, ಜೀಪು ಗುಜರಿಯಿಂದ ಉಳಿಯಿತು. ಆ ಪತ್ರದಲ್ಲಿ ಡ್ರೈವರುಗಳ ಹೆಸರಿರಲಿಲ್ಲ. ಬೆಟ್ಟದ ದಾರಿಯ ಮಾತೂ ಇರಲಿಲ್ಲ.

ವಿಷಯ ತಿಳಿಸಲು ಹೋದಾಗ ಕಮಲಮ್ಮ ಒಂದು ಆಸೆ ಹೇಳಿದರು. ಆವತ್ತು ಬೀದಿಯ ಕೊನೆಯ ತನಕವಾದರೂ ಕೂತು ಬರುತ್ತೇನೆಂದು ಅವರು ಗಂಡನನ್ನು ಕೇಳಿದ್ದರಂತೆ. ಸರ್ಕಾರದ ಗಾಡಿ, ನಿಯಮದಲ್ಲಿ ಅವಕಾಶವಿಲ್ಲ ಎಂದು ಗಂಡ ಒಪ್ಪಿರಲಿಲ್ಲ. ಆ ಭಾನುವಾರ ತಾಯಿ, ಮಗಳು ಇಬ್ಬರನ್ನೂ ಕೂರಿಸಿಕೊಂಡು ಗಾಜನೂರಿಗೆ ಹೋದೆ. ಕಮಲಮ್ಮ ಮುಂದಿನ ಸೀಟಿನಲ್ಲಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಬಿ ಹಿಡಿದುಕೊಂಡಿದ್ದರು. ಅಲ್ಲಿನ ಡ್ಯಾಮಿನ ಹತ್ತಿರ ಇಳಿದು ಹಿನ್ನೀರು ನೋಡುತ್ತಾ ನಿಂತಿದ್ದಾಗ ನಾನು ತಡೆಯಲಾರದೆ ಹೇಳಿದೆ, "ಅಮ್ಮ, ಆ ಸ್ವಿಚ್ಚಿಗೆ ವೈರೇ ಇರ್ಲಿಲ್ಲ."

ಅವರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. "ವೈರು ಗೀರು ನಂಗೆ ಗೊತ್ತಿಲ್ಲಪ್ಪ. ತಿರುಗ್ಸು ಅಂತ ಹೇಳಿಕೊಟ್ಟಿದ್ರು, ತಿರುಗ್ಸಿದೆ" ಅಂದರು. ಬರುವಾಗ, ಇಷ್ಟು ನಿಧಾನ ಯಾಕೆ, ಸ್ವಲ್ಪ ಜೋರಾಗಿ ಓಡಿಸಿ ಎಂದು ಕೇಳಿದರು. ಓಡಿಸಿದೆ.

ಬಾಷಾ ಸಾಬ್ರಿಗೆ ಇದರಲ್ಲಿ ಗೊಂದಲವಿಲ್ಲ. ಒಳ್ಳೆಯ ಕೆಲಸಗಾರನ ಕೈ ಬಿದ್ದ ಗಾಡಿ ಆ ಕೈಯನ್ನು ಮರೆಯುವುದಿಲ್ಲ ಎಂದು ಅವರು ನಂಬುತ್ತಾರೆ. ನನಗೆ ಅಷ್ಟು ಸುಲಭವಾಗಿ ಒಪ್ಪಲು ಆಗುವುದಿಲ್ಲ. ಎಂಜಿನ್ನು ತಾನಾಗಿಯೇ ನಿಂತು ತಾನಾಗಿಯೇ ಸರಿಹೋಗಿರಬಹುದು, ಅದೇ ಕ್ಷಣಕ್ಕೆ ಆ ಕೈ ಸ್ವಿಚ್ಚನ್ನು ಮುಟ್ಟಿರಬಹುದು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಶಿವಮೊಗ್ಗ, ಭದ್ರಾವತಿ ಎರಡೂ ಊರಿನ ಅಷ್ಟೂ ಬೀದಿಗಳಲ್ಲಿ ಅದು ನಿಲ್ಲಲು ಆ ಬಾಗಿಲೇ ಯಾಕೆ ಬೇಕಿತ್ತು ಎಂಬಲ್ಲಿಗೆ ಬಂದಾಗ ನನ್ನ ಲೆಕ್ಕ ನಿಂತುಬಿಡುತ್ತದೆ. ಜೀಪಿಗೆ ವಯಸ್ಸೆಷ್ಟು ಎಂದು ಕೇಳುವವರಿಗೆ ಈಗ ಖಚಿತವಾಗಿ ಹೇಳಬಲ್ಲೆ. ಹೇಗೆ ಗೊತ್ತಾಯಿತು ಎಂದು ಕೇಳಿದರೆ, ಕಮಲಮ್ಮನವರ ಹೆಸರಷ್ಟೇ ಹೇಳುತ್ತೇನೆ.